ಉಸುಕಿನಲ್ಲಿ ಕೋಲು ಊರಬಾರದು

"ಆರು ದಿನದಾಗ ಗಾಲ್ಫ್ ಕಾಯ್ದಾ ಪೂರಾ ಅರದು ಕುಡೀತೇನಿ. ಇಲ್ಲಾಂದ್ರ ನನ್ನ ಚಂದ್ರಾಮಪ್ಪ ಅಂತ ಕರೀಬ್ಯಾಡ!" ಎಂದು ನಾನು ಹೆಂಡತಿ ಸುಭದ್ರಾಬಾಯಿಯ ಮುಂದೆ ಎದೆ ತಟ್ಟಿಕೊಂಡೆ.

"ನಾ ಯಾವಾಗರೆ ನಿಮ್ಮ ಹೆಸರು ಹಿಡದು ಕರದೇನಿ?" ಎಂದಳು ಆಕೆ, ರೊಟ್ಟಿ ಬಡಿಯುತ್ತ.

ಎಂಬತ್ತಾರನೇ ಇಸವಿಯ ಮಾತು. ನಾನು ಅಫಜಲಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮಗಳು ಆಳಂದದಲ್ಲಿ ಅಜ್ಜಿಯ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು. ಆಳಂದಕ್ಕೆ ವರ್ಗ ಸಿಕ್ಕರೆ ಮೂವರೂ ಒಂದೇ ಸೂರಿನಡಿ! ನನ್ನ ಅರ್ಜಿ ಹೊಸ ಸಾಹೇಬರಾದ ದೌಲತರಾಯರ ಮೇಜಿನ ಮೇಲಿತ್ತು. ಆ ಸಾಹೇಬರಿಗೋ ಗಾಲ್ಫಿನ ಹುಚ್ಚು. ಭಾನುವಾರ ಭೀಮಾ ಹೊಳೆಯ ದಂಡೆಯಲ್ಲಿ ತಮ್ಮ ಭಾವಮೈದುನನ ಜೊತೆ ಪಂದ್ಯ ಇಟ್ಟುಕೊಂಡಿದ್ದರು. "ಅಂಪೈರ್ ಬೇಕು. ಕಾಯ್ದಾ ಯಾರಿಗೆ ಗೊತ್ತದ?" ಎಂದು ಕೇಳಿದ್ದೇ ತಡ, ನನ್ನ ಕೈ ತಾನಾಗಿ ಮೇಲೆದ್ದಿತ್ತು! ಗಾಲ್ಫ್ ಎಂದರೆ ಉಡುವುದೋ ತಿನ್ನುವುದೋ ನನಗೆ ತಿಳಿದಿರಲಿಲ್ಲ.

ಸಾಹೇಬರು ಕೊಟ್ಟ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಹಿಡಿದು ಉಳತೊಡಗಿದೆ. ಚೆಂಡನ್ನು ಕೋಲಿನಿಂದ ಹೊಡೆದು ಕುಣಿಗೆ ಹಾಕಬೇಕು. ಕಡಿಮೆ ಹೊಡೆತದಲ್ಲಿ ಹಾಕಿದವನು ಗೆದ್ದ. ಇಷ್ಟು ಸಲೀಸು. ಆಮೇಲೆ ಬಂತು ತಲೆ ಕೆಡಿಸುವ ಕಾಯ್ದೆ. ಹೊಡೆಯುವ ಮುನ್ನ ಕೋಲನ್ನು ಹುಲ್ಲಿನ ಮೇಲೆ ಮೆಲ್ಲಗೆ ಊರಬಹುದು. ಉಸುಕಿನ ಕುಣಿಯಲ್ಲಿ, ಅಂದರೆ ಬಂಕರಿನಲ್ಲಿ, ಊರಬಾರದು. ಊರಿದರೆ ಎರಡು ಹೊಡೆತ ದಂಡ!

ಊರದೆ ಮನುಷ್ಯ ನಿಲ್ಲುವುದು ಹೇಗೆ? ಕುಂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಚೇರಿಯಲ್ಲಿ ಫೈಲಿನ ಮೇಲೆ ಪೆನ್ನು ಗಾಳಿಯಲ್ಲೇ ತೂಗಾಡುತ್ತಿತ್ತು. ಬುಧವಾರ ಸಂಜೆ ತಡೆಯಲಾರದೆ, ಗೋಡೆ ಕಟ್ಟಲು ತರಿಸಿದ್ದ ಉಸುಕಿನ ಗುಂಪಿಯ ಮೇಲೆ ಒಂದು ನಿಂಬೆಹಣ್ಣು ಇಟ್ಟು, ಬಡಿಗೆ ಎತ್ತಿ ನಿಂತೆ.

"ಹೊಡ್ಯೋದಿದ್ರ ಹೊಡೀರಿ!" ಎಂದಳು ಸುಭದ್ರಾಬಾಯಿ. "ಎಷ್ಟೊತ್ತು ಬಡಿಗಿ ಎತ್ಕೊಂಡು ನಡಗತೀರಿ? ಹಾವು ಬಂದದ ಅಂತ ಓಣಿ ಮಂದಿ ಕೂಡಾಕತ್ತಾರ!"

"ನೆಲಕ್ಕ ಊರಂಗಿಲ್ಲ! ಕಾಯ್ದಾ ಅದ!" ಎಂದವನೇ ಬೀಸಿದೆ. ನಿಂಬೆಹಣ್ಣು ಗೋಡೆ ಹಾರಿ ಪಕ್ಕದ ಮನೆಯ ಖಾಸೀಂಬಿಯ ಅಂಗಳಕ್ಕೆ ಇಳಿಯಿತು.

"ಯಾ ಅಲ್ಲಾ! ನಿಂಬಿಹಣ್ಣು ಒಗದಾರ! ಯಾರೋ ಮಾಟಾ ಮಾಡ್ಸ್ಯಾರ!" ಎಂದು ಖಾಸೀಂಬಿ ಚೀರುತ್ತ ಹೊರಬಂದಳು. ಹಾವು ನೋಡಲು ಬಂದ ಮಂದಿ ಅತ್ತ ಓಡಿದರು!

"ಮಾಟ ಅಲ್ರೀ ಖಾಸೀಂಬಿ, ಆಟ!" ಎಂದು ಹೆಂಡತಿ ಅಂಗಲಾಚಿದಳು. "ಈ ವಯಸ್ಸಿನಾಗ ಎಂಥಾ ಆಟರೀ ಇವರದು?" ಎಂದು ಖಾಸೀಂಬಿ ನನ್ನನ್ನು ನೋಡಿದ ನೋಟಕ್ಕೆ ನಾನು ಮನೆಯೊಳಗೆ ಮಾಯ!

ಭಾನುವಾರ ಬಂತು. ಹೊಳೆಯಲ್ಲಿ ನೀರು ಗೆರೆಯಷ್ಟು, ಉಸುಕು ಮೈಲಿಗಟ್ಟಲೆ. ಸಾಹೇಬರು ಭಾವಮೈದುನನತ್ತ ಓರೆನೋಟ ಬೀರಿ ಘೋಷಿಸಿದರು: "ಈ ಉಸುಕೆಲ್ಲಾ ಬಂಕರ್. ಕಾಯ್ದಾ ಅಂದ್ರ ಕಾಯ್ದಾ. ಯಾರ ಮುಲಾಜೂ ಬ್ಯಾಡ, ಚಂದ್ರಾಮಪ್ಪ!"

ಮೊದಲ ಹೊಡೆತಕ್ಕೆ ನಿಂತವರು ಅವರೇ. ರೂಢಿಯಂತೆ ಕೋಲನ್ನು ಉಸುಕಿಗೆ ಊರಿಯೇಬಿಟ್ಟರು! ನನ್ನ ಕಣ್ಣಮುಂದೆ ಅರ್ಜಿ ಬಂತು, ಆಳಂದ ಬಂತು, ಮಗಳ ಮುಖ ಬಂತು. ಬಾಯಿ ಮುಚ್ಚಿಕೊಂಡಿರು ಎಂದಿತು ಮನಸ್ಸು. ಬಾಯಿ ಕೇಳಲಿಲ್ಲ.

"ಊರೀತ್ರೀ! ಎರಡು!"

"ಏನು?"

"ಕೋಲು ಉಸಕಿಗಿ ಊರೀತ್ರೀ ಸಾಹೇಬ್ರ. ದಂಡ ಎರಡು."

ಸಾಹೇಬರ ಮುಖ ಒಣಮೆಣಸಿನಕಾಯಿಯಾಯಿತು. ಮುಂದಿನ ಸಲ ಕೋಲು ಎತ್ತಿ ಹಿಡಿದರು. ತುದಿ ಜಾರಿ ಉಸುಕಿಗೆ ತಾಗಿತು. "ಊರೀತ್ರೀ!" ಮತ್ತೆ ಹಿಡಿದರು, ಮತ್ತೆ ತಾಗಿತು. "ಊರೀತ್ರೀ!" ಒಟ್ಟು ಏಳು ಸಲ! ಭಾವಮೈದುನ ಮಾತ್ರ ಬೆಳ್ಳಕ್ಕಿಯ ಹಾಗೆ ಕೋಲು ಎತ್ತಿ ನಿಂತು, ಜೀವಮಾನದಲ್ಲಿ ಮೊದಲ ಸಲ ಆಡಿದರೂ ಹನ್ನೊಂದು ಹೊಡೆತದ ಅಂತರದಿಂದ ಗೆದ್ದ.

ಸಾಹೇಬರು ನನ್ನ ಕೈ ಹಿಡಿದು ಕುಲುಕಿದರು. "ಭಾಳ ಇಮಾನದಾರ ಮನಷ್ಯಾ ಇದ್ದೀರಿ."

ನಾನು ನೆಲ ಮುಟ್ಟದೆ ಮನೆಗೆ ಬಂದೆ. "ಸಾಮಾನು ಕಟ್ಟು! ಆಳಂದ ಗ್ಯಾರಂಟಿ!" ಸುಭದ್ರಾಬಾಯಿ ಮಗಳಿಗೆ ಕಾಗದವನ್ನೂ ಬರೆಸಿದಳು.

ಮಂಗಳವಾರ ಆರ್ಡರ್ ಬಂತು. ಜೇವರ್ಗಿ! ಆಳಂದ ಇನ್ನಷ್ಟು ದೂರ. ಸಾಹೇಬರು ಸಹಿ ಹಾಕುತ್ತ ಮೃದುವಾಗಿ ಹೇಳಿದರು: "ಆ ಕಡೆ ಕರಿ ಭೂಮಿ. ಉಸುಕಿನ ತ್ರಾಸ ಇರಂಗಿಲ್ಲ ನಿಮಗ."

ಊರಬಾರದಲ್ಲಿ ಊರಿದವರು ಅವರು, ಊರು ಬಿಡಬೇಕಾದವನು ನಾನು!

ಸುಭದ್ರಾಬಾಯಿ ಆರ್ಡರನ್ನು ಎರಡೆರಡು ಸಲ ಓದಿಸಿ ಕೇಳಿದಳು. ಅಳುತ್ತಾಳೆಂದುಕೊಂಡೆ. ಆಕೆ ಸೆರಗು ಸಿಕ್ಕಿಸಿಕೊಂಡು ನನ್ನ ಮುಂದೆ ನಿಂತಳು.

"ಸಾಹೇಬ್ರು ತಪ್ಪು ಮಾಡಿದ್ರ ಎರಡು ಹೊಡ್ತ. ನೀವು ಖರೇ ಹೇಳಿದ್ರ ಜೇವರ್ಗಿ. ಈ ಕಾಯ್ದಾ ಆ ಪುಸ್ತಕದಾಗ ಯಾವ ಹಾಳಿ ಮ್ಯಾಲದ, ಒಂದೀಟು ತೋರಸ್ರಿ!"