ವರ್ಷದ ಜನ

ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಅಂಗಡಿಗೆ ಹೋಗುವುದು ವರ್ಷಕ್ಕೆ ಒಂದೇ ಸಲ. ನಂಬದವರು ಹಾರೋಹಳ್ಳಿಗೆ ಬಂದು ದಿನಸಿ ಅಂಗಡಿಯವನನ್ನು ಕೇಳಬಹುದು. ಯುಗಾದಿಯ ಹಿಂದಿನ ದಿನ ಇವರು ಚೀಲಗಳ ಸಮೇತ ಬರುವುದನ್ನು ಕಂಡರೆ ಅವನು ಉಳಿದ ಗಿರಾಕಿಗಳಿಗೆ "ಸಂಜೆ ಬನ್ನಿ" ಅಂದುಬಿಡುತ್ತಾನೆ. ಅಲ್ಲಿಂದ ಮುಂದಿನ ಯುಗಾದಿಯವರೆಗೆ ಅದೇ ಅಂಗಡಿಯ ಮುಂದೆ ನಡೆದು ಹೋದರೂ ಅತ್ತೆಯ ಕತ್ತು ಆ ಕಡೆ ಹೊರಳುವುದಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ನೋಡುದ್ರೆ ತಾನೆ ಬೇಕು ಅನ್ಸೋದು?" ಎಂದು ನನ್ನನ್ನೇ ಕೇಳಿದ್ದರು.

ನಾನು ಕನಕಪುರದವಳು. ನಮ್ಮಪ್ಪ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು, ಶನಿವಾರ ಬಟವಾಡೆ. ಶನಿವಾರ ನಮ್ಮ ಮನೆಯಲ್ಲಿ ಪಾಯಸ, ಬುಧವಾರ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಸಾಲ. ಹೀಗೆ ಬೆಳೆದ ನನ್ನನ್ನು ಈ ಮನೆಗೆ ತಂದಾಗ ಅತ್ತೆ ಮನುಷ್ಯಕುಲವನ್ನು ಮೂರು ಜಾತಿಯಾಗಿ ವಿಂಗಡಿಸಿ ತಿಳಿಸಿದರು. "ನಿಮ್ಮಪ್ಪನ ಮನೆಯವ್ರು ವಾರದ ಜನ ಕಣವ್ವ. ಫ್ಯಾಕ್ಟ್ರಿಗೋಗೋರು ತಿಂಗಳ ಜನ. ನಾವು ವರ್ಷದ ಜನ."

ವರ್ಷದ ಜನ ಆಗಿದ್ದು ಬೇಸಾಯದಿಂದ. ರಾಗಿ ವರ್ಷಕ್ಕೊಂದೇ ಸಲ ಮನೆಗೆ ಬರುತ್ತದೆ, ಆದ್ದರಿಂದ ಬದುಕನ್ನೂ ವರ್ಷಕ್ಕೊಂದೇ ಸಲ ಅಳೆದಿಡಬೇಕು. ಸರಿ. ಆದರೆ ಆ ರಾಗಿಯ ಎರಡು ಎಕರೆ ಜಮೀನು ಸರ್ಕಾರದ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಅಲ್ಲಿ ಈಗ ಪೇಂಟಿನ ಡಬ್ಬಗಳು ಬೆಳೆಯುತ್ತಿದ್ದವಲ್ಲ? ಅತ್ತೆ ಸೋಲಲಿಲ್ಲ. ಪರಿಹಾರದ ದುಡ್ಡನ್ನು ಬ್ಯಾಂಕಿನಲ್ಲಿಟ್ಟಾಗ ಮ್ಯಾನೇಜರು ಬಡ್ಡಿ ತಿಂಗಳು ತಿಂಗಳಿಗೆ ಕೊಡುತ್ತೇವೆ ಎಂದರಂತೆ. "ಬ್ಯಾಡ ಸಾರ್. ಎಳೆ ರಾಗಿನ ಯಾರಾರ ಕುಯ್ತಾರಾ? ವರ್ಷಕ್ಕೊಂದೇ ಸಲ ಕೊಡಿ, ಬಲೀಲಿ" ಎಂದು ಇವರು ಹೇಳಿ ಬಂದರಂತೆ. ನನ್ನ ಗಂಡನ ಫ್ಯಾಕ್ಟರಿ ಸಂಬಳ, ಆಮೇಲೆ ನಾನೂ ಪ್ಯಾಕಿಂಗ್ ಕೆಲಸಕ್ಕೆ ಸೇರಿ ತಂದ ಸಂಬಳ, ಎರಡಕ್ಕೂ ಮನೆಖರ್ಚಿನಲ್ಲಿ ಪ್ರವೇಶವಿರಲಿಲ್ಲ. ಸಂಬಳವೆಂದರೆ ಮಳೆಯಂತೆ, ಬಂದರೆ ಬಂತು. ಆ ದುಡ್ಡೇನಿದ್ದರೂ ಹೋದ ಜಮೀನಿನ ಬದಲು ಅರ್ಧ ಎಕರೆಯಾದರೂ ಕೊಳ್ಳುವುದಕ್ಕೆ.

ಅದೇ ಪರಿಹಾರದ ದುಡ್ಡಿನಲ್ಲಿ ಎದುರು ಮನೆಯವರು ಕಾರು ತಂದರು. ಮೊದಲ ಆರು ತಿಂಗಳು ಅದು ಓಡಿತು, ಆಮೇಲೆ ಪೆಟ್ರೋಲಿಗೆ ಕೊಡುವವರಿಲ್ಲದೆ ಹುಣಸೆ ಮರದ ಕೆಳಗೆ ನಿಂತಿತು. ಅತ್ತೆ ಒಂದು ದಿನ ಅದರ ತಗಡನ್ನು ಮುಟ್ಟಿ ನೋಡಿ, ಎದುರು ಮನೆಯಾಕೆಯನ್ನು ವಿನಯವಾಗಿ ಕೇಳಿದರು: "ಸುಮ್ನೆ ನಿಂತೈತಲ್ಲ ಕಣಕ್ಕ, ಒಸಿ ಬಿಸ್ಲಿಗೆ ತಳ್ಳುಸ್ತೀಯಾ? ಸಂಡಿಗೆ ಆಕ್ತೀನಿ." ಆ ವರ್ಷದ ನಮ್ಮ ಸಂಡಿಗೆ ಅಷ್ಟು ಬೆಲೆಬಾಳುವ ಜಾಗದಲ್ಲಿ ಒಣಗಿತು. ಎದುರು ಮನೆಗೂ ಒಂದು ಪಾಲು ಹೋಯಿತು.

ಅತ್ತೆಯ ವರ್ಷ ಶುರುವಾಗುವುದು ಹೊಸತೊಡಕಿಗೆ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಊರಿಗೆ ಊರೇ ಬಾಡೂಟ ಮಾಡುತ್ತದೆ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬುದು ಹಿರಿಯರ ಮಾತು. ಉಳಿದವರು ಈ ಮಾತನ್ನು ನಂಬಿ ಚೆನ್ನಾಗಿ ತಿನ್ನುತ್ತಾರೆ. ಅತ್ತೆ ಅದನ್ನು ನಂಬಿ ಒಂದು ಪೈಸೆ ಖರ್ಚು ಮಾಡುವುದಿಲ್ಲ. ಹಾಗಾದರೆ ಬಾಡು? ಊರಿನಲ್ಲಿ ಮಾಂಸದ ಚೀಟಿ ಇದೆ, ವಾರವಾರ ಕಟ್ಟಿದರೆ ತೊಡಕಿನ ದಿನ ಪಾಲು ಕೊಡುತ್ತಾರೆ. ಅತ್ತೆ ಇಡೀ ವರ್ಷದ್ದನ್ನು ಹಿಂದಿನ ಯುಗಾದಿಗೇ ಕಟ್ಟಿಬಿಟ್ಟಿರುತ್ತಾರೆ. ಹುಟ್ಟದೇ ಇರುವ ಕುರಿಗೆ ದುಡ್ಡು ಕೊಟ್ಟ ಹೆಂಗಸು ನಮ್ಮ ಸೀಮೆಯಲ್ಲಿ ಇವರೊಬ್ಬರೇ.

ಇದನ್ನೆಲ್ಲ ತಿಳಿಯದ ನಾನು ಮದುವೆಯಾದ ಮೊದಲ ತೊಡಕಿನ ದಿನ ಹತ್ತು ರೂಪಾಯಿಯ ಮೊಬೈಲ್ ರೀಚಾರ್ಜ್ ಕಾರ್ಡು ತಂದು, ನಂಬರು ಕಾಣಲೆಂದು ಉಗುರಿನಿಂದ ಉಜ್ಜುತ್ತ ಕೂತೆ. ಅತ್ತೆ ಬೈಯಲಿಲ್ಲ. ಜ್ಯೇಷ್ಠದಲ್ಲಿ ಗಾಡಿ ಪಂಕ್ಚರ್ ಆಯಿತು. "ಅವತ್ತು ಕಾರ್ಡು ಉಜ್ಜುದ್ಲಲ್ಲ." ಶ್ರಾವಣದಲ್ಲಿ ಮಾವನ ಕನ್ನಡಕ ಒಡೆಯಿತು. "ಉಜ್ಜುದ್ಲಲ್ಲ." ಮಾಘದಲ್ಲಿ ಎಲ್ಲೋ ದೂರದಲ್ಲಿ ಸರ್ಕಾರ ಬಸ್ ದರ ಏರಿಸಿತು. ಅತ್ತೆ ನನ್ನ ಉಗುರಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

ತೊಡಕಿನ ಊಟವಾದ ಮೇಲೆ ಅಳತೆ. ಉಪ್ಪು, ಹುಣಸೆಹಣ್ಣು, ಮೆಣಸಿನಪುಡಿ, ಎಣ್ಣೆ, ಎಲ್ಲಕ್ಕೂ ಇಷ್ಟು ಜನ, ಇಷ್ಟು ತಿಂಗಳು. ಆದರೆ ಸೋಪಿನ ವಿಷಯ ಬಂದರೆ ನಾನು ಕೈ ಮುಗಿಯುತ್ತೇನೆ. ಉದ್ದನೆಯ ಸೋಪುಗಳನ್ನು ನೂಲಿನಿಂದ ಕುಯ್ದು, ಒಬ್ಬೊಬ್ಬರಿಗೆ ಹನ್ನೆರಡು ತುಂಡಿನಂತೆ ಅಟ್ಟದ ಮೇಲೆ ಹಲಗೆಯಲ್ಲಿ ಸಾಲಾಗಿ ಜೋಡಿಸಿ ಒಣಗಲು ಬಿಡುತ್ತಾರೆ. "ಅಸಿ ಸೋಪು ನೀರಿಗೆ ಕರಗ್ತದೆ. ಒಣುಗಿದ್ದು ಮೈಗೆ ಮಾತ್ರ ಕರಗ್ತದೆ." ತಿಂಗಳ ಮೊದಲ ದಿನ ಏಣಿ ಹತ್ತಿ ನಾಲ್ಕು ತುಂಡು ಇಳಿಸುತ್ತಾರೆ: ಮಾವ, ಗಂಡ, ನಾನು, ಅವರು. ಆ ಏಣಿಯನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಮುಟ್ಟಬೇಡಿ ಎಂದು ಯಾರೂ ಹೇಳಿಲ್ಲ, ಆದರೂ ಮುಟ್ಟುವುದಿಲ್ಲ.

ನೆಂಟರಿಗೂ ಲೆಕ್ಕವಿತ್ತು. ತೊಡಕಿನ ದಿನ ಒಂದು ಡಬ್ಬಕ್ಕೆ ನೂರು ಹುಣಸೆ ಬೀಜ ಹಾಕುತ್ತಾರೆ. ನೆಂಟರು ಒಂದು ಊಟ ಮಾಡಿದರೆ ಒಂದು ಬೀಜ ಈಚೆಗೆ. ಒಂದು ಮಾಘದಲ್ಲಿ ಬೀಜ ಖಾಲಿಯಾದ ಮಾರನೆಯ ದಿನವೇ ಉಯ್ಯಂಬಳ್ಳಿಯಿಂದ ಮಾವನ ಹಳೆಯ ಸ್ನೇಹಿತರೊಬ್ಬರು ಬಂದರು. "ನೆಂಟ್ರು ಮುಗುದ್ರಲ್ಲವ್ವ" ಎಂದು ಅತ್ತೆ ಒಳಗೆ ನನ್ನ ಕಿವಿಯಲ್ಲಿ ಹೇಳಿದರು. ಪಾಪ, ಅವರನ್ನು ಯುಗಾದಿ ಆದ ಮೇಲೆ ಬನ್ನಿ ಎಂದು ಕಳಿಸಿಬಿಡುತ್ತಾರಾ? ಅತ್ತೆ ಹೊರಗೆ ಬಂದು ಅವರಿಗೆ ಎರಡು ಬಿಸಿ ಮುದ್ದೆ ಬಡಿಸಿ, ಸಾರು ಹಾಕಿ, ಉಪಚಾರ ಮಾಡಿದರು. ನಾವು ಊಟಕ್ಕೆ ಕೂತಾಗ ಮಾತ್ರ ಅತ್ತೆ ತಟ್ಟೆ ಇಟ್ಟುಕೊಳ್ಳಲಿಲ್ಲ.

"ನಂಗಿವತ್ತು ಶನಿವಾರದ ಉಪಾಸ."

"ಇವತ್ತು ಮಂಗಳವಾರ ಅತ್ತೆ."

"ಅದೇ ಕಣವ್ವ, ನಂಗೆ ಶನಿವಾರ."

ಆ ವರ್ಷ ಯುಗಾದಿಯೊಳಗೆ ಏಳು ಸಲ ಅತ್ತೆಗೆ ಹೀಗೆ ಶನಿವಾರ ಬಂತು. ಲೆಕ್ಕ ತಪ್ಪಿದರೆ ಅವರು ಬೇರೆಯವರ ತಟ್ಟೆಯಿಂದ ತೆಗೆಯುವುದಿಲ್ಲ, ತಮ್ಮ ತಟ್ಟೆಯಿಂದ ತೆಗೆಯುತ್ತಾರೆ ಎಂಬುದು ಅವತ್ತು ನನಗೆ ಗೊತ್ತಾಯಿತು. ಅಂದಿನಿಂದ ಅವರನ್ನು ನೋಡಿ ನಗುವುದನ್ನು ಪೂರ್ತಿ ಬಿಡಲಿಲ್ಲ, ಸ್ವಲ್ಪ ಕಡಿಮೆ ಮಾಡಿದೆ.

ಅದರ ಮರುವರ್ಷ ಶಿವರಾತ್ರಿಯ ಹೊತ್ತಿಗೆ ನಮ್ಮಪ್ಪ ತೀರಿಕೊಂಡರು. ಕನಕಪುರದ ಬಾಡಿಗೆ ಮನೆ ಬಿಟ್ಟು ಅಮ್ಮ ತಿಪ್ಪಸಂದ್ರದಲ್ಲಿದ್ದ ನನ್ನ ಸೋದರಮಾವನ ಮನೆಗೆ ಹೋದರು. ನಾನೊಬ್ಬಳೇ ಮಗಳು. ತೊಡಕಿನ ದಿನ ಊರೆಲ್ಲ ಮಸಾಲೆ ಘಮಘಮ ಎನ್ನುವಾಗ ನಾನು ಹಿತ್ತಲಿನಲ್ಲಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಅಳುತ್ತಿದ್ದೆ. ಅತ್ತೆ ಬಂದು ಈಳಿಗೆಮಣೆ ಎಳೆದುಕೊಂಡರು.

"ಇವತ್ತು ಅಳ್ಬ್ಯಾಡ. ತೊಡಕು. ವರ್ಷವೆಲ್ಲ ಅಳ್ಬೇಕಾಯ್ತದೆ. ನಾಳೆ ಅತ್ಕೊ."

ಕಣ್ಣೀರನ್ನೂ ಅಳೆದು ಡಬ್ಬಕ್ಕೆ ಹಾಕುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಫ್ಯಾಕ್ಟರಿ ಬಸ್ಸು, ಅಳಲು ಪುರುಸೊತ್ತಾಗಲಿಲ್ಲ. ಅದು ಹಾಗೇ ಬಾಕಿ ಉಳಿಯಿತು.

ದೀಪಾವಳಿ ಕಳೆದ ವಾರ ಅಮ್ಮ ರೂಪಾಯಿ ಕಾಯಿನ್ ಹಾಕುವ ಫೋನಿನಿಂದ ಮಾತಾಡಿದರು. ಸೋದರಮಾವನ ಮಗಳು ಬಾಣಂತನಕ್ಕೆ ಬರುತ್ತಿದ್ದಾಳೆ, ಇರುವ ಒಂದು ಕೋಣೆ ಅವಳಿಗೆ ಬೇಕು. ಯಾವುದೋ ಛತ್ರದಲ್ಲಿ ಅಡುಗೆ ಕೆಲಸ ಇದೆಯಂತೆ, ಊಟ, ಮಲಗುವುದು ಎಲ್ಲ ಅಲ್ಲೇ. "ನಾ ಎಂಗೋ ಇರ್ತೀನಿ, ನೀನೇನ್ ಯೋಚ್ನೆ ಮಾಡ್ಬ್ಯಾಡ" ಎನ್ನುವಷ್ಟರಲ್ಲಿ ರೂಪಾಯಿ ಮುಗಿಯಿತು. ಅರವತ್ತು ದಾಟಿದ ನಮ್ಮಮ್ಮ ಯಾರದೋ ಮದುವೆಯ ಪಾತ್ರೆಗಳ ನಡುವೆ ಮಲಗುತ್ತಾರೆಂಬುದು ನನಗೆ ತಡೆಯಲಾಗಲಿಲ್ಲ.

ಕರೆದುಕೊಂಡು ಬರಬಹುದಿತ್ತು. ಅತ್ತೆ ಬೇಡ ಎನ್ನುತ್ತಾರೆಂದು ನಾನು ಹೆದರಲಿಲ್ಲ. ಬೇಡ ಎನ್ನುವುದಿಲ್ಲವಲ್ಲ, ಅದೇ ಹೆದರಿಕೆ. ವರ್ಷದ ಮಧ್ಯೆ ಐದನೆಯ ತಟ್ಟೆ ಹಾಕಿದರೆ ಅತ್ತೆಗೆ ದಿನವೂ ಶನಿವಾರ. ಅದನ್ನು ನಮ್ಮಮ್ಮ ಎರಡೇ ದಿನದಲ್ಲಿ ಕಂಡುಹಿಡಿದು, ಮೂರನೆಯ ದಿನ ಹೇಳದೆ ಕೇಳದೆ ಛತ್ರಕ್ಕೆ ಹೊರಟುಬಿಡುತ್ತಾರೆ. ನನ್ನ ಸಂಬಳದಲ್ಲಿ ದಿನಸಿ ತರುತ್ತೇನೆ ಎಂದರೆ, ವರ್ಷದ ಮನೆಗೆ ತಿಂಗಳ ರಾಗಿ ತಂದಳೆಂದು ಅತ್ತೆಗೆ ಅವಮಾನ. ನಾಲ್ಕು ದಿನ ಒದ್ದಾಡಿ, ಒಂದು ಭಾನುವಾರ ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ.

ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅಟ್ಟ ಅತ್ತಿ ಸೋಪು ಎಣ್ಸ್ಕೊಂಡ್ ಬಾ" ಎಂದರು.

ನಾನು ಮೊದಲ ಸಲ ಆ ಏಣಿ ಹತ್ತಿದೆ. ಹಲಗೆಯ ಮೇಲೆ ನಾಲ್ಕು ಸಾಲುಗಳಲ್ಲಿ ಐದೈದು ತುಂಡು ಉಳಿದಿದ್ದವು. ಪಕ್ಕದಲ್ಲಿ ಇನ್ನೊಂದು ಸಾಲಿತ್ತು. ಅದರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಹಾಗೇ ಇದ್ದವು, ಒಂದನ್ನೂ ಮುಟ್ಟಿರಲಿಲ್ಲ, ಮೇಲೆ ಏಳು ತಿಂಗಳ ಧೂಳು. ಇಳಿದು ಬಂದೆ.

"ಎಷ್ಟು ಸಾಲು?"

"ಐದು."

"ಮನೇಲಿ ಎಷ್ಟು ಜನ?"

"ನಾಲ್ಕು."

"ಯುಗಾದಿಲೇ ಅಳ್ದು ಮಡ್ಗಿವ್ನಿ. ರಾಗಿ, ಉಪ್ಪು, ಎಲ್ಲ ಐದ್ ಜನುಕ್ಕೆ. ನಾನಾಗ್ ಕರುದ್ರೆ ನಿಮ್ಮವ್ವ ಬೀಗರ ಮನೆ ಅಂತ ನಾಚ್ಕತಾರೆ, ಮಗಳು ಕರುದ್ರೆ ಬತ್ತಾರೆ. ಇವತ್ತ್ ಕೇಳ್ತಳೆ, ನಾಳೆ ಕೇಳ್ತಳೆ ಅಂತ ಕಾದೂ ಕಾದೂ ಸೋಪು ಕಲ್ಲಾಗೋಯ್ತು."

"ಅಮ್ಮನಿಗೆ ನೆಂಟರ ಬೀಜ..." ಎಂದೆ.

"ಬೀಜ ನೆಂಟ್ರಿಗೆ. ಓಗಿ ಕರ್ಕೊಂಡ್ ಬಾ."

ಮಾರನೆಯ ದಿನ ರಜೆ ಹಾಕಿ ತಿಪ್ಪಸಂದ್ರಕ್ಕೆ ಹೋಗಿ ಅಮ್ಮನನ್ನು ಕರೆತಂದೆ. ಬಂದ ಕೂಡಲೇ ಅತ್ತೆ ನೀರು ಕಾಯಿಸಿ ಸ್ನಾನಕ್ಕೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಅಮ್ಮನ ದನಿ ಬಂತು. "ಇದೇನವ್ವ ಸೋಪು, ಎಷ್ಟುಜ್ಜುದ್ರೂ ನೊರೆನೇ ಬರಾಕಿಲ್ವಲ್ಲ?"

ಅತ್ತೆ ಒಲೆಯ ಮುಂದಿನಿಂದಲೇ ಕೂಗಿ ಹೇಳಿದರು. "ಏಳ್ ತಿಂಗ್ಳು ಕಾದೈತೆ ಅಕ್ಕ, ಒಸಿ ಜೋರಾಗ್ ಉಜ್ಜಿ. ಬತ್ತದೆ."

ನಾನು ಅಲ್ಲೇ ಒಲೆಯ ಪಕ್ಕ ಕೂತೆ. ಶಿವರಾತ್ರಿಯಿಂದ ಬಾಕಿ ಇದ್ದದ್ದೆಲ್ಲ ಒಟ್ಟಿಗೆ ಬಂತು. ಅತ್ತೆ ಒಂದು ಕೊಳ್ಳಿಯನ್ನು ಒಳಕ್ಕೆ ತಳ್ಳಿ, ನನ್ನ ಬೆನ್ನಿನ ಮೇಲೆ ಕೈ ಇಟ್ಟು ಹೇಳಿದರು.

"ಅಳು ಮಗ. ಇವತ್ತೇನ್ ತೊಡಕಲ್ವಲ್ಲ."