ಯಾವ ವಂಕಿ?

ವಸ್ತುಗಳಿಗೆ ಹೆಸರಿಡುವವರನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೆಂಗಸರು ತೋಳಿಗೆ ಹಾಕುವ ಚಿನ್ನದ ಒಡವೆಗೆ ವಂಕಿ ಎನ್ನುತ್ತೇವೆ, ಸರಿ. ಮಕ್ಕಳಾಗದಂತೆ ಗರ್ಭಕೋಶದೊಳಗೆ ಇಡುವ, ತಾಮ್ರ ಸುತ್ತಿದ, ಕಿರುಬೆರಳಿಗಿಂತ ಚಿಕ್ಕದಾದ ಸಾಧನಕ್ಕೂ ಅದೇ ಹೆಸರೇ? ಕನ್ನಡದಲ್ಲಿ ಪದಗಳಿಗೇನು ಬರ ಬಂದಿತ್ತೇ?

ಮೊನ್ನೆ ಬೆಳಿಗ್ಗೆ ತಿಂಡಿಗೆ ಕೂತಿದ್ದೆ. ಅಡುಗೆಮನೆಯಲ್ಲಿ ಕಿರಿಯ ಸೊಸೆ ನನ್ನ ಹೆಂಡತಿಗೆ, "ಅತ್ತೆ, ನಾಳೆ ಚಾಮರಾಜನಗರಕ್ಕೋಗಿ ವಂಕಿ ಹಾಕಿಸ್ಕಂಡು ಬತ್ತೀನಿ. ಮಗೀಗಿನ್ನೂ ಒಂದು ವರ್ಸ. ಮಾತ್ರೆ ನಂಗೊಗ್ಗಕಿಲ್ಲ" ಎನ್ನುತ್ತಿದ್ದಳು. ಮಗು, ಮಾತ್ರೆ ಯಾವುದೂ ನನ್ನ ಕಿವಿಗೆ ಬೀಳಲಿಲ್ಲ, ವಂಕಿ ಮಾತ್ರ ಬಿತ್ತು. "ಚಿನ್ನ ಆಕಾಸಕ್ಕೋಗಿ ಕುಂತದೆ, ಈಗ ವಂಕಿ ಬೇರೆ ಕೇಡು!" ಎಂದು ಬೀದಿಗೆ ಕೇಳುವಂತೆ ಗುಡುಗಿದೆ. ಸೊಸೆ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು.

ಹೆಂಡತಿ ದೋಸೆ ಮಗುಚುವ ಸಟ್ಟುಗ ಹಿಡಿದೇ ಬಂದಳು. "ಅದು ತೋಳ್ಗಲ್ಲ, ಒಟ್ಟೆ ಒಳಕ್ಕೆ. ಮಕ್ಳಾಗ್ದಂಗೆ. ಮೂವತ್ತೈದು ವರ್ಸದ್ ಇಂದೆ ನಾ ಕೇಳ್ದಾಗ್ಲೂ ಇಂಗೇ ಕಿರುಚಿದ್ರಿ."

"ಬಾಯ್ಬಿಟ್ಟು ಯೋಳಬಾರ್ದಾಗಿತ್ತಾ?"

"ಯೋಳಕೆ ಬುಟ್ರಾ? ಒಡವೆ ಆಸೆಬುರುಕಿ ಅಂತ ಮಂಡೀಲೆಲ್ಲ ಸಾರ್ಕಂಡು ಬಂದ್ರಿ. ನಾಚ್ಕೆಯಾಗಿ ಸುಮ್ನಾದೆ."

ಅವಳು ಸುಮ್ಮನಾದ ಮರುವರ್ಷವೇ ನಾಲ್ಕನೆಯವನು ಹುಟ್ಟಿದ, ಈ ಸೊಸೆಯ ಗಂಡ. ಆ ಹೆರಿಗೆಯಲ್ಲಿ ರಕ್ತ ಹೋಗಿ ಅವಳು ಆರು ತಿಂಗಳು ಹಾಸಿಗೆ ಹಿಡಿದಳು. ನಾನೋ, 'ಹೆಂಗಸರ ಮೈಯೇ ಅಷ್ಟು' ಎಂದುಕೊಂಡು ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ತೂಗುತ್ತಿದ್ದೆ. ತಕ್ಕಡಿ ಮುಳ್ಳು ಕೂದಲೆಳೆ ಅಲುಗಿದರೂ ಲಾರಿಯವರ ಮೇಲೆ ಜಗಳಕ್ಕೆ ಬೀಳುತ್ತಿದ್ದ ನಾನು, ಹೆಂಡತಿಯನ್ನು 'ಯಾವ ವಂಕಿ?' ಎಂದು ಒಂದು ಮಾತು ಕೇಳಲಿಲ್ಲ.

ಮಾರನೆಯ ದಿನ ಸೊಸೆಯ ಜೊತೆ ನಾನೇ ಬಸ್ಸು ಹತ್ತಿದೆ. ಅವಳು ಒಳಗೆ ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮೊಮ್ಮಗಳನ್ನು ಆಡಿಸಿದೆ. ನರ್ಸಮ್ಮ, "ಯಾಕ್ ತಾತ, ಮಗನ್ನ ಕಳಿಸ್ಬೋದಿತ್ತಲ್ಲ?" ಎಂದಳು. "ಇದು ನನ್ನ ಹಳೇ ಬಾಕಿ ಕಣಮ್ಮ" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಬರುವಾಗ ಪಶ್ಚಾತ್ತಾಪ ಉಕ್ಕಿ, ಚಿನ್ನದ ನೀರು ಹಾಕಿದ ಬೆಳ್ಳಿಯ ವಂಕಿಯೊಂದನ್ನು ಹೆಂಡತಿಗೆ ತಂದೆ. ಅವಳು ತಿರುಗಿಸಿ ನೋಡಿದಳು.

"ಕೇಳಿದ್ ವಂಕಿ ಕೊಡಿಸ್ನಿಲ್ಲ, ಕೇಳ್ದಿದ್ ವಂಕಿ ತಂದವ್ರೆ."

ತೋಳಿಗೆ ಏರಿಸಿದೆ. ಸರ್ರನೆ ಮೊಣಕೈಗೆ ಜಾರಿತು. ನನಗೆ ಅಂಗಡಿಯವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಎಷ್ಟು ಅಳತೆಯ ತೋಳು ಎಂದು ಒಂದು ಮಾತು ಕೇಳಬಾರದಿತ್ತೇ ಅವನು? ಗುಡುಗಲು ಬಾಯಿ ತೆರೆದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿಕೊಂಡೆ.