ಏಳನೇ ನಂಬರಿನ ಅಜ್ಜ

ಈ ನಗರಕ್ಕೆ ಇತಿಹಾಸವಿದೆ ಎಂಬುದು ದಾಖಲೆಗಳಿಂದ ಸಾಬೀತಾಗಿದೆ. ಸುತ್ತ ಅರ್ಧ ಬಿದ್ದ ಕೋಟೆ ಗೋಡೆ, ಮೂರು ಹೆಬ್ಬಾಗಿಲು, ಒಂದು ವಸ್ತುಸಂಗ್ರಹಾಲಯ, ನಡುವೆ ನೂರ ಹನ್ನೆರಡು ಮೆಟ್ಟಿಲಿನ ಗಂಟೆ ಗೋಪುರ. ಗೋಪುರದ ಬಾಗಿಲನ್ನು ವರ್ಷಕ್ಕೊಮ್ಮೆ, ಶಾಲೆಯ ರಜೆ ಮುಗಿಯುವ ಭಾನುವಾರ ಮಾತ್ರ ತೆಗೆಯುತ್ತಾರೆ. ಉಳಿದ ದಿನ ಯಾಕೆ ತೆಗೆಯುವುದಿಲ್ಲ ಎಂದು ಕೇಳಿದವರಿಗೆ ಅದು ಐತಿಹಾಸಿಕ ಎಂಬ ಉತ್ತರ ಸಿಗುತ್ತದೆ.

ಬೀಗದಜ್ಜ ಎರಡನೇ ಹೆಬ್ಬಾಗಿಲಿನ ಪಕ್ಕ ನಲವತ್ತು ವರ್ಷ ಬೀಗ ರಿಪೇರಿ ಮಾಡಿದವರು. ಈಗ ಅಂಗಡಿಗೇ ಬೀಗ ಹಾಕಿ ಮಗಳ ಮನೆಯಲ್ಲಿದ್ದರು. ಮಾತು ಕಡಿಮೆ. ಮಾವ ಬಾಯಿಗೂ ಒಂದು ಬೀಗ ಜಡಿದು ಕೀಲಿ ಎಲ್ಲೋ ಇಟ್ಟು ಮರೆತಿದ್ದಾರೆ ಎಂದು ಅಳಿಯ ತಮಾಷೆ ಮಾಡುತ್ತಿದ್ದ. ಅದಕ್ಕೂ ಅವರು ಹೂಂ ಎನ್ನುತ್ತಿದ್ದರು.

ಮೊಮ್ಮಗಳಿಗೆ ಒಂಬತ್ತು ವರ್ಷ. ಗೋಪುರ ಹತ್ತಿ ಗಂಟೆ ಹೊಡೆಯಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದಳು. ಹೋದ ರಜೆಯಲ್ಲಿ ಅವಳಿಗೆ ಜ್ವರ, ಅದರ ಹಿಂದಿನ ರಜೆಯಲ್ಲಿ ಗೋಪುರಕ್ಕೆ ರಿಪೇರಿ. ಈ ಸಲ ಹತ್ತಿಸ್ತೀನಿ ಎಂದು ಅಜ್ಜ ಮಾತು ಕೊಟ್ಟಿದ್ದರು. ಮುಂದಿನ ವರ್ಷಕ್ಕೆ ಮಂಡಿ ಒಪ್ಪುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಮನೆಯಲ್ಲಿ ಹೇಳಿರಲಿಲ್ಲ.

ರಜೆಗೆ ಮುನ್ನ ರಜಾ ಚಟುವಟಿಕೆ ಸಮಿತಿ ಪ್ರಕಟಣೆ ಹೊರಡಿಸಿತು. "ಎಲ್ಲ ಚಟುವಟಿಕೆಗಳೂ ಕುಟುಂಬಗಳಿಗೆ ಮಾತ್ರ. ಕುಟುಂಬ ಎಂದರೆ ತಂದೆ ಅಥವಾ ತಾಯಿ, ಕನಿಷ್ಠ ಒಂದು ಮಗು ಮತ್ತು ಅರವತ್ತು ದಾಟಿದ ಒಬ್ಬ ಹಿರಿಯರು. ಇದು ಐತಿಹಾಸಿಕ ನಗರವಾದ್ದರಿಂದ ಪ್ರತಿಯೊಂದು ಕುಟುಂಬವೂ ತನ್ನ ಪಾಲಿನ ಇತಿಹಾಸವನ್ನು ಜೊತೆಗೆ ತರತಕ್ಕದ್ದು."

ಇದನ್ನು ರಜಾ ಅಧಿಕಾರಿಗಳು ಸ್ವತಃ ಬರೆದರು. ಬರೆದ ಮೇಲೆ ಓದಲಿಲ್ಲ. ಓದುವುದು ಬೇರೆ ವಿಭಾಗದ ಕೆಲಸ.

ಮೊದಲ ದಿನ ವಸ್ತುಸಂಗ್ರಹಾಲಯದಲ್ಲಿ ಹಳೇ ಕಲ್ಲಿನ ಬರಹದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುವ ಚಟುವಟಿಕೆ. ಹಿರಿಯರಿಲ್ಲದ ಎಪ್ಪತ್ತು ಕುಟುಂಬಗಳನ್ನು ಗೇಟಿನಲ್ಲೇ ತಡೆದರು. ಮಕ್ಕಳು ಅಳುತ್ತಿದ್ದವು. ಬೀಗದಜ್ಜ ಮಗಳು, ಮೊಮ್ಮಗಳ ಜೊತೆ ಒಳಗೆ ಹೋಗಿ, ಉಜ್ಜಿಸಿ, ಹೊರಗೆ ಬಂದಾಗ ಒಬ್ಬ ತಾಯಿ ಅವರ ಮಗಳ ಕೈ ಹಿಡಿದಳು.

"ಅಕ್ಕ, ನಿಮ್ಮ ತಂದೇನ ಒಂದರ್ಧ ಗಂಟೆ ಕೊಡ್ತೀರಾ? ಒಳಗೆ ಹೋಗಿ ಬಂದು ವಾಪಸ್ ಕೊಟ್ಬಿಡ್ತೀವಿ."

ಮಗಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಅಪ್ಪ, ಹೋಗಿ ಬರ್ತೀಯಾ?"

"ಹೂಂ."

ಅವರನ್ನು ಬಿಟ್ಟು ಬರುವಷ್ಟರಲ್ಲಿ ಇನ್ನೊಬ್ಬ ತಾಯಿ. ಆಮೇಲೆ ಒಬ್ಬ ತಂದೆ. ಆರನೇ ಸಲ ಒಳಗೆ ಹೋಗುವಾಗ ಕಾವಲುಗಾರ ಅಜ್ಜನ ಮುಖ ನೋಡಿದ.

"ಯಜಮಾನ್ರೇ, ಎಷ್ಟು ಸಂಸಾರ ನಿಮ್ದು?"

"ಆರು."

"ಪುಣ್ಯವಂತರು" ಎಂದು ಕಾವಲುಗಾರ ಚೀಟಿ ಹರಿದ. ಹಿರಿಯರು ಇರಬೇಕು ಎಂದು ಪ್ರಕಟಣೆಯಲ್ಲಿತ್ತು. ಬೇರೆ ಬೇರೆ ಹಿರಿಯರು ಇರಬೇಕು ಎಂದು ಇರಲಿಲ್ಲ.

ಸುದ್ದಿ ಸಮಿತಿಗೆ ಮುಟ್ಟಿತು. ಸಮಿತಿ ಸಿಟ್ಟಾಗಲಿಲ್ಲ. ಹಿರಿಯರು ಹೀಗೆ ಮನಬಂದಂತೆ ಓಡಾಡುವುದು ಸರಿಯಲ್ಲ, ಅವರನ್ನು ಕ್ರಮಬದ್ಧವಾಗಿ ಓಡಾಡಿಸಬೇಕು ಎಂದು ತೀರ್ಮಾನಿಸಿತು. ಮೂರನೇ ದಿನ ನಗರ ಕಚೇರಿಯ ನೆಲಮಾಳಿಗೆಯಲ್ಲಿ ಕೌಂಟರ್ ಸಂಖ್ಯೆ ನಾಲ್ಕು ತೆರೆಯಿತು. ಮೇಲೆ ಬೋರ್ಡು: ಹಿರಿಯರ ಹಂಚಿಕೆ. ಅರವತ್ತು ದಾಟಿದವರೆಲ್ಲ ನೋಂದಾಯಿಸಿಕೊಂಡು ಎದೆಗೆ ಬಿಲ್ಲೆ ಧರಿಸಬೇಕು. ಬೀಗದಜ್ಜನಿಗೆ ಏಳನೇ ನಂಬರು ಬಂತು.

ಹದಿನಾರು ನಿಯಮಗಳಿದ್ದವು, ಇವನ್ನೂ ರಜಾ ಅಧಿಕಾರಿಗಳೇ ಬರೆದಿದ್ದರು. ನಿಯಮ ಮೂರು: ಹಿರಿಯರು ಚಟುವಟಿಕೆಯ ವೇಳೆ ಕನಿಷ್ಠ ಎರಡು ನೆನಪುಗಳನ್ನು ಹೇಳತಕ್ಕದ್ದು. ನಿಯಮ ನಾಲ್ಕು: ನೆನಪುಗಳು ಸಂತೋಷದಾಯಕವಾಗಿರತಕ್ಕದ್ದು. ನಿಯಮ ಐದು: ಸಂತೋಷದಾಯಕ ನೆನಪುಗಳಿಲ್ಲದ ಹಿರಿಯರು ಅವುಗಳನ್ನು ಕೌಂಟರಿನಲ್ಲಿ ಪಡೆಯತಕ್ಕದ್ದು. ನಿಯಮ ಎಂಟು: ಹಿರಿಯರು ಮೆಟ್ಟಿಲುಗಳ ಮೇಲೆ ನಿದ್ದೆ ಹೋದಲ್ಲಿ ಆ ಅವಧಿಯನ್ನು ಇತಿಹಾಸವೆಂದು ಪರಿಗಣಿಸಲಾಗುವುದಿಲ್ಲ.

ಜನ ಹಿರಿಯರನ್ನು ಕರೆದುಕೊಂಡು ಹೋಗತೊಡಗಿದರು. ಎರಡನೇ ನಂಬರಿನ ನಿವೃತ್ತ ಹೆಡ್‌ಮೇಡಂ ಕೋಟೆ ಗೋಡೆಯ ಮೇಲೆ ಮಕ್ಕಳಿಂದ ಹದಿನೇಳರ ಮಗ್ಗಿ ಹೇಳಿಸಿದರು. ಐದನೇ ನಂಬರಿನ ನಿವೃತ್ತ ಬ್ಯಾಂಡ್ ಮಾಸ್ತರರು ತಾವು ಹುಟ್ಟಿದ ಮಂಗಳವಾರದಿಂದ ಕಥೆ ಶುರುಮಾಡಿ, ಮಧ್ಯಾಹ್ನದ ಹೊತ್ತಿಗೆ ತಮ್ಮ ನಾಮಕರಣಕ್ಕೆ ಬರುತ್ತಿದ್ದರು. ಏಳನೇ ನಂಬರಿನ ಅಜ್ಜ ಸುಮ್ಮನೆ ಜೊತೆಯಲ್ಲಿ ನಡೆಯುತ್ತಿದ್ದರು. ಬಾಯಾರಿದ ಮಗುವಿಗೆ ನೀರು ಕುಡಿಸುತ್ತಿದ್ದರು. ಜಾರುವ ಕಡೆ ಕೈ ಹಿಡಿಯುತ್ತಿದ್ದರು. ಕುಟುಂಬಗಳು ತುಂಬಿಕೊಟ್ಟ ಅಭಿಪ್ರಾಯ ಪತ್ರಗಳಲ್ಲಿ, ಹಿರಿಯರು ನೆನಪುಗಳನ್ನು ಹೇಳಿದರೇ ಎಂಬ ಪ್ರಶ್ನೆಯ ಮುಂದೆ, "ಇಲ್ಲ. ತುಂಬಾ ಸಂತೋಷವಾಯಿತು" ಎಂದಿತ್ತು. ಎರಡನೇ ವಾರಕ್ಕೆ ಅವರನ್ನು ಉತ್ತಮ ದರ್ಜೆಗೆ ಏರಿಸಿದರು. ಬೆಳಿಗ್ಗೆ ಇಬ್ಬರ ಮನೆಯವರಿಗೆ, ಮಧ್ಯಾಹ್ನ ಮೂವರ ಮನೆಯವರಿಗೆ ಅಜ್ಜನಾಗಿ, ಸಂಜೆ ಮನೆಗೆ ಬಂದು ಕಾಲು ನೀಡಿ ಕೂರುತ್ತಿದ್ದರು.

"ಅಜ್ಜ, ಇವತ್ತು ಎಷ್ಟು ಮೊಮ್ಮಕ್ಕಳು?" ಎಂದಳು ಮೊಮ್ಮಗಳು ಒಂದು ಸಂಜೆ.

"ಹದಿಮೂರು."

"ನನ್ನ ಸೇರಿಸಿ?"

"ಹದಿನಾಲ್ಕು."

ಅವಳು ಸ್ವಲ್ಪ ಹೊತ್ತು ಅವರ ಮಂಡಿ ಒತ್ತಿದಳು. "ಗೋಪುರ?"

"ಬೆಳಿಗ್ಗೆ ಕೇಳೋಣ."

ಬೆಳಿಗ್ಗೆ ಇಬ್ಬರೂ ಕೌಂಟರ್ ನಾಲ್ಕರ ಮುಂದೆ ನಿಂತರು. ಒಳಗೆ ಗುಮಾಸ್ತೆ, ಮೂಗಿನ ತುದಿಗೆ ಕನ್ನಡಕ, ಒಂದು ಕೈಯಲ್ಲಿ ಮೊಹರು, ಇನ್ನೊಂದರಲ್ಲಿ ಚಹಾ.

"ಭಾನುವಾರ ನಾನು ಇವಳ ಜೊತೆ" ಎಂದರು ಬೀಗದಜ್ಜ.

"ಇವಳು ಯಾರು?"

"ಮೊಮ್ಮಗಳು."

"ಅದೇ ತೊಂದ್ರೆ ಯಜಮಾನ್ರೇ." ಗುಮಾಸ್ತೆ ನಿಯಮಗಳ ಹಾಳೆಯನ್ನು ತಿರುಗಿಸಿ ತೋರಿಸಿದಳು. "ನಿಯಮ ಹನ್ನೊಂದು. ಹಿರಿಯರನ್ನು ಅವರ ಸ್ವಂತ ಕುಟುಂಬಕ್ಕೆ ಹಂಚತಕ್ಕದ್ದಲ್ಲ. ಸ್ವಜನ ಪಕ್ಷಪಾತ ಆಗುತ್ತೆ."

"ನಮ್ಮಜ್ಜ ರೀ" ಎಂದಳು ಮೊಮ್ಮಗಳು.

"ಗೊತ್ತಾಯ್ತಮ್ಮ. ಎಲ್ರೂ ಅವರವರ ಅಜ್ಜನ್ನೇ ಕೇಳೋಕೆ ಶುರು ಮಾಡಿದ್ರೆ ಈ ಕೌಂಟರ್ ಯಾಕಿರ್ಬೇಕು, ಹೇಳು?"

ಈ ಪ್ರಶ್ನೆಯನ್ನು ಸಮಿತಿಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

"ಬಿಲ್ಲೆ ವಾಪಸ್ ಕೊಡ್ತೀನಿ" ಎಂದರು ಅಜ್ಜ.

"ಕೊಡ್ಬಹುದು. ಒಂದು ತಿಂಗಳು ಮುಂಚೆ ಬರೆದು ಕೊಡ್ಬೇಕು. ರಜೆ ಉಳಿದಿರೋದು ಒಂಬತ್ತು ದಿನ. ಬಿಲ್ಲೆ ಇಲ್ದೆ ಗೋಪುರಕ್ಕೆ ಬಿಡೋದೂ ಇಲ್ಲ." ಅವಳು ಪುಸ್ತಕ ನೋಡಿದಳು. "ಭಾನುವಾರ ನಿಮ್ಮನ್ನ ರಜಾ ಅಧಿಕಾರಿಗಳ ಮನೆಯವರಿಗೆ ಹಂಚಿದೆ. ಈ ಹುಡುಗಿ ಮನೆಗೆ ಐದನೇ ನಂಬರು."

"ಬ್ಯಾಂಡ್ ಮಾಸ್ತರಾ?" ಎಂದಳು ಮೊಮ್ಮಗಳು.

"ಅವರೊಬ್ಬರೇ ಯಾವಾಗ್ಲೂ ಖಾಲಿ ಇರೋದು."

ಮೊಮ್ಮಗಳು ಅಳಲಿಲ್ಲ. ನಿಯಮಗಳ ಒಂದು ಹಾಳೆ ಕೇಳಿ ಪಡೆದು ಮನೆಗೆ ತಂದಳು. ಅದನ್ನು ಕೇಳಿ ಪಡೆದವರಲ್ಲಿ ಅವಳೇ ಮೊದಲಿಗಳು. ಸಂಜೆಯೊಳಗೆ ಅವಳು ನಿಯಮ ಹದಿನಾಲ್ಕನ್ನು ಮುಟ್ಟಿದಳು. "ಹಿರಿಯರಲ್ಲಿ ದೋಷ ಕಂಡುಬಂದಲ್ಲಿ ಅವರನ್ನು ಸ್ಥಳದಲ್ಲೇ ಹಿಂದಿರುಗಿಸಬಹುದು. ಹಾಗೆ ಹಿಂದಿರುಗಿಸಿದವರನ್ನು ಸರದಿಯಲ್ಲಿ ಹಿಂದೆ ನಿಂತ ಕುಟುಂಬವು ಸ್ವೀಕರಿಸಿ, ತನ್ನ ಹಿರಿಯರನ್ನು ಮುಂದಿನವರಿಗೆ ಬಿಟ್ಟುಕೊಡತಕ್ಕದ್ದು."

"ಅಜ್ಜ, ನೀನು ಕೆಡ್ಬೇಕು" ಎಂದಳು.

"ಹೇಗೆ?"

"ಮಾತಾಡು. ಮಾತಾಡಲ್ಲ ಅಂತಲೇ ಎಲ್ರೂ ನಿನ್ನ ಕೇಳೋದು. ಬಾಯಿ ಮುಚ್ಚದೆ ಮಾತಾಡಿದ್ರೆ ವಾಪಸ್ ಕೊಡ್ತಾರೆ. ಹಿಂದೆ ನಾವೇ ನಿಂತಿರ್ತೀವಿ."

ಅಡುಗೆಮನೆಯಿಂದ ಮಗಳು ನಕ್ಕಳು. "ನಿಮ್ಮಜ್ಜ ಮಾತಾಡೋದಾ? ನಾನು ಹುಟ್ಟಿದಾಗ ಮಗು ನೋಡಿ ಸರಿ ಅಂದ್ರಂತೆ, ಅಷ್ಟೇ."

ಎಂಟು ಸಂಜೆ ತರಬೇತಿ ನಡೆಯಿತು. ಮೊದಲು ಒಂದು ನಿಮಿಷ, ಆಮೇಲೆ ಎರಡು. ಮಾತಿಗೆ ಏನೂ ಸಿಗದಾಗ ಮೊಮ್ಮಗಳು ನಿಯಮಗಳ ಹಾಳೆ ಓದುತ್ತಿದ್ದಳು, ಅಜ್ಜ ಅವಳು ಹೇಳಿದಂತೆ ಒಪ್ಪಿಸುತ್ತಿದ್ದರು. ಐದನೇ ದಿನ ಅವರ ಗಂಟಲು ಕಟ್ಟಿತು. ಈ ಮನೆಯಲ್ಲಿ ಇಷ್ಟು ಮಾತು ಕೇಳಿದ್ದು ಇದೇ ಮೊದಲು ಎಂದು ಅಳಿಯ ಸಂಕೋಚದಿಂದ ಬಿಸಿನೀರು ತಂದುಕೊಟ್ಟ.

ಭಾನುವಾರ ಗೋಪುರ ತೆರೆಯಿತು. ಮೆಟ್ಟಿಲು ಒಬ್ಬರು ಮಾತ್ರ ಹೋಗುವಷ್ಟು ಇಕ್ಕಟ್ಟು, ಸುರುಳಿ ಸುತ್ತಿ ಮೇಲೆ ಹೋಗುತ್ತದೆ. ಹತ್ತಿದ ಮೇಲೆ ಸರದಿ ತಪ್ಪುವ ಹಾಗಿಲ್ಲ. ಅಳಿಯ ಬೆಳಿಗ್ಗೆಯೇ ಬಂದು ಅಧಿಕಾರಿಗಳ ಬೆನ್ನಿಗೆ ಅಂಟಿಕೊಂಡಂತೆ ನಿಂತಿದ್ದ. ಮುಂದೆ ಅಧಿಕಾರಿಗಳು, ಅವರ ಮನೆಯವರು, ಮಗ, ಮಗಳು ಮತ್ತು ಬೀಗದಜ್ಜ. ಹಿಂದೆ ಅಳಿಯ, ಮಗಳು, ಮೊಮ್ಮಗಳು. ಅವಳ ಹಿಂದೆ ಬ್ಯಾಂಡ್ ಮಾಸ್ತರರು, ಆಗಲೇ ಮಂಗಳವಾರದಲ್ಲಿದ್ದರು.

ಮೂರನೇ ಮೆಟ್ಟಿಲಲ್ಲಿ ಬೀಗದಜ್ಜ ಗಂಟಲು ಸರಿಮಾಡಿಕೊಂಡರು.

"ಬೀಗ ಅಂದ್ರೆ ಎರಡು ಥರ. ಕೀಲಿ ಹಾಕೋಕೆ ಬಾಯಿ ಇರೋದು, ಇಲ್ಲದ್ದು."

ಅಧಿಕಾರಿಗಳು ತಿರುಗಿ ನೋಡಿದರು. ಅಜ್ಜ ನಿಲ್ಲಿಸಲಿಲ್ಲ. ತುಕ್ಕು ಹಿಡಿದ ಬೀಗ, ಕೀಲಿ ಮುರಿದ ಬೀಗ, ಒಳಗೆ ಗಂಡನನ್ನು ಕೂಡಿಹಾಕಿ ಕೀಲಿ ಬಾವಿಗೆ ಎಸೆದವರ ಮನೆಯ ಬೀಗ. ಇಪ್ಪತ್ತನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಕೆಲಸ ಕೆಟ್ಟಿತು. ಅಧಿಕಾರಿಗಳ ಮಗ ಕೇಳಿದ: "ಅಜ್ಜ, ಕೀಲಿ ಇಲ್ದೆ ತೆಗೀಬಹುದಾ?" ಮಗಳು ಕೇಳಿದಳು: "ಆ ಗಂಡ ಎಷ್ಟು ದಿನ ಒಳಗಿದ್ದ?" ಅಧಿಕಾರಿಗಳ ಮನೆಯವರೂ, "ಪಾಪ, ಊಟಕ್ಕೇನು ಮಾಡಿದ್ರು?" ಎಂದರು.

ಹಿಂದಿನಿಂದ ಮೊಮ್ಮಗಳು ಜೋರಾಗಿ ಕೆಮ್ಮಿದಳು.

ಬೀಗದಜ್ಜ ಬೀಗದ ಕಥೆಯನ್ನು ಅಲ್ಲಿಗೇ ಬಿಟ್ಟರು. ಅವರ ಹತ್ತಿರ ಬೀಗ ಬಿಟ್ಟರೆ ಉಳಿದದ್ದು ಒಂದೇ.

"ನಿಯಮ ಒಂದು" ಎಂದರು. "ಈ ನಿಯಮಗಳನ್ನು ರಜಾ ಚಟುವಟಿಕೆ ಕುಟುಂಬ ಹಿರಿಯರ ಹಂಚಿಕೆ ನಿಯಮಗಳು ಎಂದು ಕರೆಯತಕ್ಕದ್ದು. ನಿಯಮ ಎರಡು. ಇವು ಜಾರಿಗೆ ಬಂದ ದಿನದಿಂದ ಜಾರಿಗೆ ಬರತಕ್ಕದ್ದು."

ಮಕ್ಕಳು ಸಪ್ಪಗಾದರು. ಮೂವತ್ತೈದನೇ ಮೆಟ್ಟಿಲಲ್ಲಿ ನಿಯಮ ಐದಾಯಿತು. ಅಧಿಕಾರಿಗಳು ಕಾಲರ್ ಸಡಿಲ ಮಾಡಿಕೊಂಡರು. ಮುಂದೆ ಓಡೋಣವೆಂದರೆ ಮುಂದೆ ಜನ, ಹಿಂದೆ ಇಳಿಯೋಣವೆಂದರೆ ಹಿಂದೆ ಜನ. ಐವತ್ತನೇ ಮೆಟ್ಟಿಲಲ್ಲಿ ನಿಯಮ ಒಂಬತ್ತರ ಉಪನಿಯಮ ಮೂರು ನಡೆಯುತ್ತಿತ್ತು.

"ಯಜಮಾನ್ರೇ, ಸಾಕು ಮಾಡಿ. ಯಾರು ಇದನ್ನೆಲ್ಲ ಬರೆದಿದ್ದು?"

"ನೀವು" ಎಂದರು ಬೀಗದಜ್ಜ. "ಉಪನಿಯಮ ನಾಲ್ಕು."

ಅರವತ್ತನೇ ಮೆಟ್ಟಿಲ ಬಳಿ, ಗೋಡೆಯ ಗೂಡಿನಲ್ಲಿ, ಕೌಂಟರ್ ನಾಲ್ಕರ ಗುಮಾಸ್ತೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಅಧಿಕಾರಿಗಳು ಹಿಂದಿರುಗಿಸುವ ಅರ್ಜಿಯನ್ನು ಗೋಡೆಗೆ ಒತ್ತಿಟ್ಟು ತುಂಬಿದರು. ದೋಷದ ವಿವರ ಎಂಬಲ್ಲಿ, "ನಿಯಮ ಹೇಳುತ್ತಾರೆ" ಎಂದು ಬರೆದರು. ಬ್ಯಾಂಡ್ ಮಾಸ್ತರರು ಹೊಟ್ಟೆ ಒಳಗೆ ಎಳೆದುಕೊಂಡು, ಎಲ್ಲರನ್ನೂ ಸವರಿಕೊಂಡು ಮುಂದೆ ಹೋದರು. ಹೊಸ ಕಿವಿಗಳು ಸಿಕ್ಕ ಖುಷಿಯಲ್ಲಿ ಅವರು ಮತ್ತೆ ಹುಟ್ಟಿದರು.

ಗುಮಾಸ್ತೆ ಮೊಮ್ಮಗಳ ಕಡೆ ತಿರುಗಿದಳು. "ಈ ಹಿರಿಯರ ಪರಿಚಯ ಇದೆಯಾ?"

"ಇಲ್ಲ" ಎಂದಳು ಮೊಮ್ಮಗಳು. "ನಮಸ್ಕಾರ."

"ನಮಸ್ಕಾರ" ಎಂದರು ಬೀಗದಜ್ಜ. "ಎಷ್ಟನೇ ಕ್ಲಾಸಮ್ಮ?"

"ನಾಲ್ಕು."

"ಒಳ್ಳೇದು."

ಗುಮಾಸ್ತೆಗೆ ಇಬ್ಬರ ಮುಖವೂ ಚೆನ್ನಾಗಿ ನೆನಪಿತ್ತು. ಆದರೆ ನೆನಪಿಗೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ. ಮೊಹರು ಒತ್ತಿದಳು.

ಉಳಿದ ಐವತ್ತೆರಡು ಮೆಟ್ಟಿಲನ್ನು ಇಬ್ಬರೂ ಹಿಂದುಮುಂದಾಗಿ ಕೈ ಹಿಡಿದು ಹತ್ತಿದರು. ಮೂರು ಕಡೆ ಗೋಡೆಯ ಗೂಡಿನಲ್ಲಿ ಕೂತರು. ಕೂತಾಗಲೆಲ್ಲ ಮೊಮ್ಮಗಳು ಅಜ್ಜನ ಮಂಡಿ ಒತ್ತಿದಳು. ಮೇಲೆ ಗಾಳಿ ಇತ್ತು. ಕೆಳಗೆ ಹೆಂಚಿನ ಮನೆಗಳು, ಮುರಿದ ಕೋಟೆ ಗೋಡೆ, ಅಜ್ಜನ ಅಂಗಡಿಯ ಮುಚ್ಚಿದ ಬಾಗಿಲು ಕೂಡ ಕಾಣುತ್ತಿತ್ತು. ಹಗ್ಗ ಅವಳೊಬ್ಬಳ ಕೈಗೆ ಬಗ್ಗಲಿಲ್ಲ. ಇಬ್ಬರೂ ಸೇರಿ ಎಳೆದರು. ಗಂಟೆ ಊರಿಗೆಲ್ಲ ಕೇಳುವಂತೆ ಒಂದು ಸಲ ಹೊಡೆಯಿತು.

"ಹೇಗಿತ್ತು?" ಎಂದರು ಅಜ್ಜ. ಅವರಾಗಿಯೇ ಕೇಳಿದ್ದು.

"ಇನ್ನೂ ಕಿವಿಯಲ್ಲಿದೆ."

ಯೋಜನೆ ಯಶಸ್ವಿಯಾಗಿದೆ ಎಂದು ಸಮಿತಿ ವರದಿ ನೀಡಿತು. ಹಿರಿಯರಿಗೆ ರಜೆ ಮುಗಿಯುವುದು ಎಂಬುದಿಲ್ಲವಾದ್ದರಿಂದ ಹಂಚಿಕೆಯನ್ನು ವರ್ಷಪೂರ್ತಿ ಮುಂದುವರಿಸಲಾಯಿತು, ಕೊನೆಯ ಭಾನುವಾರ ಯಾರ ಪಾಲಿಗೆ ಬಂದಿದ್ದರೋ ಅವರ ಮನೆಯಲ್ಲೇ ಹಿರಿಯರು ಇರತಕ್ಕದ್ದೆಂದಾಯಿತು. ಹಿಂದಿರುಗಿಸುವ ಅರ್ಜಿ ಕುಟುಂಬಕ್ಕೆ ಒಂದೇ ಆದ್ದರಿಂದ ಬ್ಯಾಂಡ್ ಮಾಸ್ತರರು ಅಧಿಕಾರಿಗಳ ಮನೆಯಲ್ಲೇ ಉಳಿದರು. ಎಂಟನೇ ದಿನ ಬೆಳಿಗ್ಗೆ ಅಧಿಕಾರಿಗಳು ಕೆಂಪು ಕಣ್ಣಿನಲ್ಲಿ ಕಚೇರಿಗೆ ಬಂದು ನಿಯಮ ಹನ್ನೊಂದನ್ನು ರದ್ದುಪಡಿಸಿದರು. ಇನ್ನು ಮುಂದೆ ಹಿರಿಯರು ಸ್ವಂತ ಮನೆಗೂ ಅರ್ಜಿ ಹಾಕಬಹುದು, ಆ ಮನೆಯಲ್ಲಿ ಹಿರಿಯರ ಜಾಗ ಖಾಲಿ ಇದ್ದಲ್ಲಿ. ತಮ್ಮ ತಂದೆಯನ್ನು ಕರೆಸಿಕೊಳ್ಳುವುದು ಅವರ ಉದ್ದೇಶವಾಗಿತ್ತು. ಅವರ ಅರ್ಜಿಯನ್ನೇ ಮೊದಲು ತಿರಸ್ಕರಿಸಲಾಯಿತು. ಅವರ ಮನೆಯಲ್ಲಿ ಜಾಗ ಖಾಲಿ ಇರಲಿಲ್ಲ.

ಗೋಪುರದಲ್ಲಿ ಅಪರಿಚಿತರಾಗಿ ಮನೆ ಸೇರಿದ್ದ ಬೀಗದಜ್ಜ, ಸ್ವಂತ ಅಜ್ಜನೆಂದೇ ದಾಖಲಾಗಲು ಮರುದಿನ ಬೆಳಿಗ್ಗೆ ಕೌಂಟರ್ ನಾಲ್ಕಕ್ಕೆ ಹೋದರು. ಮುಂದೆ ಹದಿನೆಂಟು ಅಜ್ಜಂದಿರು, ಏಳು ಅಜ್ಜಿಯರು. ಎಲ್ಲರೂ ಮನೆಯಿಂದ ಚಾಪೆ, ನೀರು ತಂದಿದ್ದರು. ಯಾರೂ ಗೊಣಗಲಿಲ್ಲ. ಬೇಗ ಬಂದಿದ್ರೆ ನೆರಳಲ್ಲಿ ಜಾಗ ಸಿಗ್ತಿತ್ತು ಎಂದು ಒಬ್ಬ ಅಜ್ಜಿ ಬುದ್ಧಿ ಹೇಳಿದರು. ಮಧ್ಯಾಹ್ನ ಅವರ ಸರದಿ ಬಂತು.

"ಯಾರ ಮನೆಗೆ ಯಜಮಾನ್ರೇ?" ಎಂದಳು ಗುಮಾಸ್ತೆ.

"ನಮ್ಮನೆಗೆ."

"ಜಾಗ ಖಾಲಿ ಇದೆಯಾ?"

"ಇದೆ" ಎಂದರು ಬೀಗದಜ್ಜ. "ನಾನು ಇಲ್ಲಿದ್ದೀನಲ್ಲ."

ಗುಮಾಸ್ತೆ ಒಂದು ಕ್ಷಣ ಯೋಚಿಸಿ, ಸರಿ ಎಂದು ಮೊಹರು ಒತ್ತಿದಳು.